ಮಂಗನ ರಕ್ತ ಹೇಳಿದ ಮಾತು

ತುಮಕೂರು ಸೀಮೆಯವರಿಗೆ ಕೋತಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ದೇವರಾಯನದುರ್ಗದ ಮೆಟ್ಟಿಲುಗಳ ಮೇಲೆ ಭಕ್ತರ ಕೈಯ ಬಾಳೆಹಣ್ಣನ್ನು ದೇವರಿಗಿಂತ ಮೊದಲೇ ಸ್ವೀಕರಿಸುವ ಮಹಾನುಭಾವನು ಅವನೇ. ಗುಬ್ಬಿಯ ತೋಟದಲ್ಲಿ ಎಳನೀರಿನ ಲೆಕ್ಕ ತಪ್ಪಿಸುವವನೂ, ಕುಣಿಗಲ್ಲಿನ ಹೆಂಚಿನ ಮಾಡನ್ನು ಕದಲಿಸುವವನೂ ಅವನೇ. ಬದುಕಿರುವಷ್ಟು ದಿನ ಕಳ್ಳನೆಂದು ಅಟ್ಟುತ್ತೇವೆ. ಸತ್ತರೆ ಹನುಮಂತನ ಕುಲದವನೆಂದು ಹೂವೇರಿಸಿ ಮಣ್ಣು ಮಾಡುತ್ತೇವೆ. ಕಳ್ಳ ಮತ್ತು ದೇವರು ಎಂಬ ಈ ಎರಡು ವೇಷಗಳಲ್ಲದೆ, ವಿಜ್ಞಾನದ ಚರಿತ್ರೆಯಲ್ಲಿ ಅವನಿಗೆ ಮೂರನೆಯದೊಂದು ವೇಷವುಂಟು. ಅದು ಸಾಕ್ಷಿಯ ವೇಷ.

ಗುಬ್ಬಿಯನ್ನು ಹಾದು ಅರಸೀಕೆರೆಯ ಮಾರ್ಗವಾಗಿ ಹೋಗುವ ರೈಲು ನಮ್ಮನ್ನು ಶಿವಮೊಗ್ಗಕ್ಕೆ ಮುಟ್ಟಿಸುತ್ತದೆ. ಆ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಕಾಡಿಗೆ ಸೌದೆ ಸೊಪ್ಪುಗಳಿಗಾಗಿ ಹೋಗಿಬಂದ ಜನರೂ ಘೋರ ಜ್ವರದಿಂದ ಮಲಗಿದರು. ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದಿತೋ ಎಂಬ ಭೀತಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ನಿರ್ದೇಶಕರಾಗಿದ್ದ ಟೆಲ್‌ಫರ್ಡ್ ವರ್ಕ್ ಅವರೂ ಅವರ ಸಹೋದ್ಯೋಗಿಗಳೂ ಅಲ್ಲಿಗೆ ಧಾವಿಸಿ, ಇದು ಹಳದಿ ಜ್ವರವಲ್ಲ, ಉಣುಗುಗಳ ಮೂಲಕ ಹರಡುವ ಹೊಸದೊಂದು ವೈರಸ್ ಎಂದು ಸ್ಥಾಪಿಸಿದರು. ನಾವು ಮಂಗನ ಕಾಯಿಲೆ ಎನ್ನುವ ವ್ಯಾಧಿಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿತು.

ಇಷ್ಟು ಕಥೆ ಅನೇಕ ವಾಚಕರಿಗೆ ತಿಳಿದಿರಬಹುದು. ಅದರ ಮುಂದಿನ ಅಧ್ಯಾಯವನ್ನು ಬಲ್ಲವರು ಕಡಮೆ.

ಎಚ್. ಇ. ವೆಬ್ ಎಂಬ ಆಂಗ್ಲ ವೈದ್ಯರು ಈ ರೋಗವನ್ನು ಮನುಷ್ಯರಲ್ಲಿಯೂ ಮಂಗಗಳಲ್ಲಿಯೂ ಅಭ್ಯಾಸ ಮಾಡಿದರು. ಸೋಂಕು ತಗುಲಿದ ಮಂಗಗಳ ರಕ್ತವನ್ನು ಕುರಿತು ಅವರೂ ಕಲ್ಕತ್ತೆಯ ರಕ್ತತಜ್ಞ ಜೆ. ಬಿ. ಚಟರ್ಜಿಯವರೂ ಬರೆದ ಪ್ರಬಂಧ 1962ರಲ್ಲಿ ಪ್ರಕಟವಾಯಿತು. ಈ ರೋಗದಲ್ಲಿ ರಕ್ತದ ಬಿಳಿಯ ಕಣಗಳು ವಿಶೇಷವಾಗಿ ಇಳಿದುಹೋಗುತ್ತವೆ. ರಕ್ತದ ಕ್ಯಾನ್ಸರಾದ ಲ್ಯುಕೀಮಿಯಾದಲ್ಲಿ ನಡೆಯುವುದಾದರೋ ಇದಕ್ಕೆ ವಿಪರೀತ. ಅಲ್ಲಿ ಬಿಳಿಯ ಕಣಗಳು ಕಟ್ಟುಪಾಡಿಲ್ಲದೆ ಬೆಳೆಯುತ್ತವೆ. ಒಂದು ವಿಷವನ್ನು ಇನ್ನೊಂದರ ಮೇಲೆ ಛೂ ಬಿಟ್ಟರೆ ಹೇಗೆ?

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೆಬ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ಕ್ಯಾಸನೂರಿನ ವೈರಸ್ಸನ್ನೂ, ಅದರ ದಾಯಾದಿಯಾದ ಮಲಯ ದೇಶದ ಲಂಗಟ್ ವೈರಸ್ಸನ್ನೂ ಲ್ಯುಕೀಮಿಯಾ ಮೊದಲಾದ ಕ್ಯಾನ್ಸರುಗಳಿಂದ ನರಳುತ್ತಿದ್ದ 28 ರೋಗಿಗಳಲ್ಲಿ ಪ್ರಯೋಗಿಸಿದರು. ಮಲೆನಾಡಿನ ಕಾಡಿನಲ್ಲಿ ಬಡವರ ಪ್ರಾಣ ತೆಗೆದ ಬೀಜ, ಥೇಮ್ಸ್ ನದಿಯ ದಂಡೆಯಲ್ಲಿ ಪ್ರಾಣದ ಆಸೆಯಾಗಿ ನಿಂತಿತು!

ಫಲವೇನು? ಕೆಲವರಿಗೆ ಅಲ್ಪಕಾಲದ ಉಪಶಮನ ದೊರೆಯಿತು, ಅದು ಉಳಿಯಲಿಲ್ಲ. ಮತ್ತೆ ಕೆಲವರಲ್ಲಿ ವೈರಸ್ ಮಿದುಳನ್ನೇ ಹೊಕ್ಕಿತು. ಆ ಮಾರ್ಗ ಮುಚ್ಚಿತು. ಇಂದಿನ ಧರ್ಮವಿವೇಚನೆ ಅಂಥ ಪ್ರಯೋಗವನ್ನು ಸುಲಭವಾಗಿ ಒಪ್ಪಲಾರದು. ಆದರೂ ಒಂದು ಮಾತನ್ನು ಮೆಚ್ಚಲೇಬೇಕು: ಕೈಗೂಡದ ಆ ಪ್ರಯತ್ನವನ್ನು ಬಚ್ಚಿಡದೆ, 1966ರ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅವರು ಲೋಕದ ಮುಂದೆ ಇಟ್ಟರು. ಗೆಲುವನ್ನು ಸಾರುವುದಕ್ಕೆ ಡಂಗುರ ಸಾಕು. ಸೋಲನ್ನು ಬರೆದಿಡುವುದಕ್ಕೆ ಶೀಲ ಬೇಕು. ಮುಂದೆ ಬರುವವನು ಅದೇ ಹಳ್ಳಕ್ಕೆ ಬೀಳದಂತೆ ಕಾಯುವ ಬೇಲಿ ಅದು. ವೈರಸ್ಸಿನಿಂದ ಕ್ಯಾನ್ಸರನ್ನು ಹೊಡೆಯಬೇಕೆಂಬ ಆಲೋಚನೆ ಮಾತ್ರ ಸಾಯಲಿಲ್ಲ. ಪಳಗಿಸಿ ಮಾರ್ಪಡಿಸಿದ ಹರ್ಪಿಸ್ ವೈರಸ್ಸೊಂದಕ್ಕೆ, ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಔಷಧವಾಗಿ, ಅಮೆರಿಕದಲ್ಲಿ 2015ರಲ್ಲಿ ಮನ್ನಣೆ ದೊರೆಯಿತು.

ಇತ್ತ ಸಾಕ್ಷಿ ಹೇಳಿದ ಮಲೆನಾಡಿಗೆ ದೊರೆತುದೇನು? ಮಂಗನ ಕಾಯಿಲೆಯನ್ನೇ ಗುರಿಯಿಟ್ಟು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವುಗಳಾದುವು. ಬಹುಕಾಲದಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಕ್ಯಾಸನೂರಿನ ಹೆಸರು ಲಂಡನ್ನನ್ನು ಮುಟ್ಟಿ ಅರ್ಧ ಶತಮಾನ ಕಳೆದ ಮೇಲೂ, ಕಾಡಿನಂಚಿನ ಕೂಲಿಯ ಹೆಂಗಸು ಬೇಸಗೆ ಬಂತೆಂದರೆ ಹೆದರಿಕೊಂಡೇ ಸೌದೆಗೆ ಹೋಗಬೇಕಾಗಿದೆ. ಈ ಋಣ ತೀರಿಲ್ಲ.

ಬೇಸಗೆಯ ರಜೆಯಲ್ಲಿ ಮಲೆನಾಡಿನ ನೆಂಟರ ಮನೆಗೆ ಹೊರಡುವ ಕುಟುಂಬಗಳು ಒಂದನ್ನು ನೆನಪಿಡಲಿ. ಅಲ್ಲಿ ಸತ್ತ ಮಂಗ ಕಂಡರೆ ಭಕ್ತಿಯಿಂದಲೂ ಮುಟ್ಟಬಾರದು. ಅದರ ಮೈ ತಣ್ಣಗಾದೊಡನೆ ಉಣುಗುಗಳು ಬೇರೆ ಆಸರೆಯನ್ನು ಅರಸಿ ಇಳಿಯುತ್ತವೆ. ಹೂವೇರಿಸುವ ಕೈ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಲಿ. ತನ್ನ ಸಾವಿನಿಂದ ನಮ್ಮನ್ನು ಎಚ್ಚರಿಸುವ ಪ್ರಾಣಿಗೆ ನಾವು ಸಲ್ಲಿಸಬಹುದಾದ ಸಂಸ್ಕಾರ ಅದೇ.