ಶಾಸನದ ಮೂಲವನ್ನು ಅರಸುವ ಬಗೆ



ಮನೆತನದ ನೆಮ್ಮದಿಯನ್ನು ಕದಡುವ ಸಂಗತಿಗಳಲ್ಲಿ ಆಸ್ತಿಯ ಪಾಲು ಮೊದಲನೆಯದು. ಹಿಂದೆ ಇಂತಹ ಸಂದರ್ಭ ಒದಗಿದಾಗ ಊರ ಹಿರಿಯರನ್ನು ಕೇಳುತ್ತಿದ್ದರು. ಅಲ್ಲಿಯೂ ಬಗೆಹರಿಯದಿದ್ದರೆ ತಾಲ್ಲೂಕಿನ ವಕೀಲರ ಬಳಿಗೆ ಹೋಗುತ್ತಿದ್ದರು. ಈಗ ಇಬ್ಬರಿಗಿಂತಲೂ ಮೊದಲು ಕೈಯಲ್ಲಿರುವ ಮೊಬೈಲನ್ನೇ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಶಾಸನವು ಪ್ರಜೆಗಳೆಲ್ಲರೂ ತಿಳಿದಿರಬೇಕಾದುದೇ ಆಗಿದೆ. ಆದರೆ ಉತ್ತರವಾಗಿ ದೊರೆತದ್ದು ಶಾಸನವೋ, ಶಾಸನವನ್ನು ಕುರಿತು ಯಾರೋ ಆಡಿದ ಮಾತೋ ಎಂಬ ವಿವೇಚನೆ ಬೇಕು.

ಈಚೆಗೆ ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ, ಅಣ್ಣಂದಿರು ಮದುವೆಯಾಗಿ ಹೋದ ತಂಗಿಯನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಲು ಕೇಳಿದರು. ತಂದೆಯವರು 2003ರಲ್ಲಿಯೇ ಲಿಂಗೈಕ್ಯರಾದುದರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಆಕೆಗೆ ಸಮಪಾಲು ಸಲ್ಲದೆಂದು ಹೇಳಿ, ಅಂತರ್ಜಾಲದಿಂದ ತೆಗೆದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರ ಸಾರಾಂಶವನ್ನು ಮುಂದಿಟ್ಟರು. ಅವರಲ್ಲಿ ಮೋಸದ ಬುದ್ಧಿಯಿರಲಿಲ್ಲ. ಹಾಳೆಯಲ್ಲಿದ್ದ ತೀರ್ಪೂ ನಿಜವಾದುದೇ. ಆದರೆ ಅದು 2015ನೆಯ ಇಸವಿಯದು. ಅನಂತರ ನಡೆದ ಸಂಗತಿ ಆ ಹಾಳೆಯಲ್ಲಿರಲಿಲ್ಲ.

ಆ ಸಂಗತಿಯನ್ನು ಎಲ್ಲ ಮನೆಗಳವರೂ ತಿಳಿಯುವುದು ಒಳಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಹೇಳಿಯೇ ಅವರಿಗೂ ತಾನು ಅನ್ವಯಿಸುವುದಾಗಿ ಸಾರಿದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯು, 6ನೆಯ ಕಲಮಿನ ಮೂಲಕ ಮಗಳನ್ನು ಮಗನಂತೆಯೇ ಹುಟ್ಟಿನಿಂದಲೇ ಅವಿಭಕ್ತ ಕುಟುಂಬದ ಸಮಪಾಲುದಾರಳನ್ನಾಗಿ ಮಾಡಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಮಾತ್ರ ಉಳಿಯಿತು. ‘ಇರಬೇಕು’ ಎಂದು 2015ರ ಅಕ್ಟೋಬರಿನಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಮೊಕದ್ದಮೆಯ ತೀರ್ಪು ಹೇಳಿತು. 2018ರ ಫೆಬ್ರವರಿಯಲ್ಲಿ ದಾನಮ್ಮ ವಿರುದ್ಧ ಅಮರ್ ಮೊಕದ್ದಮೆಯಲ್ಲಿ, ತಂದೆ 2001ರಲ್ಲಿಯೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ದೊರೆಯಿತು. ಇವೆರಡೂ ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಗಳು. ಎರಡನ್ನೂ ತೀರ್ಮಾನಿಸಿದ್ದು ಇಬ್ಬರು ನ್ಯಾಯಮೂರ್ತಿಗಳ ಪೀಠ. ಈ ಗೊಂದಲವನ್ನು ಬಗೆಹರಿಸಿದ್ದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಕೊಟ್ಟ ತೀರ್ಪು. ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಅದು ಸಾರಿ, 2015ರ ಅಭಿಪ್ರಾಯವನ್ನು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುನ್ನವೇ ವಿಧಿವತ್ತಾಗಿ ನಡೆದ ವಿಭಾಗ ಮತ್ತು ಪರಭಾರೆಗಳನ್ನು ಶಾಸನವು ಕದಲಿಸುವುದಿಲ್ಲ. ಆದರೆ ಬರಿಯ ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ಒಪ್ಪಲಾಗದೆಂದೂ ಆ ತೀರ್ಪು ಎಚ್ಚರಿಸಿದೆ.

ಹೀಗೆ, ನಿಜವಾದ ತೀರ್ಪೂ ಅರ್ಧಕ್ಕೆ ನಿಂತರೆ ಅನ್ಯಾಯಕ್ಕೆ ಕಾರಣವಾಗುತ್ತದೆ. ಓಲೆಗರಿಗಳನ್ನು ಪರಿಶೋಧಿಸುವವರು ಒಂದೇ ಪ್ರತಿಯನ್ನು ನಂಬುವುದಿಲ್ಲ. ಇದು ಯಾವ ಕಾಲದ ಪ್ರತಿ, ಗರಿಗಳು ಪೂರ್ಣವಾಗಿವೆಯೇ, ನಡುವೆ ಯಾರಾದರೂ ಸೇರಿಸಿದ್ದಾರೆಯೇ ಎಂದು ನೋಡಿಯೇ ಪಾಠವನ್ನು ನಿರ್ಣಯಿಸುತ್ತಾರೆ. ಶಾಸನದ ವಿಷಯದಲ್ಲಿಯೂ ಕೇಳಬೇಕಾದವು ಮೂರೇ ಪ್ರಶ್ನೆಗಳು: ಇದು ಮೂಲವೇ? ಪೂರ್ಣವೇ? ಇಂದಿಗೂ ಊರ್ಜಿತವೇ?

ಮೂಲವನ್ನು ಎಲ್ಲಿ ಅರಸಬೇಕು? ಕೇಂದ್ರದ ಅಧಿನಿಯಮಗಳಿಗೆ ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣವಿದೆ. ಅಲ್ಲಿ ರಾಜ್ಯಗಳ ಅಧಿನಿಯಮಗಳೂ ಇವೆ. ಕಲಮಿನ ಕೆಳಗಿನ ಅಡಿಟಿಪ್ಪಣಿಯನ್ನು ಓದಿದರೆ ಯಾವ ತಿದ್ದುಪಡಿ ಯಾವಾಗ ಬಂದಿತೆಂಬುದು ತಿಳಿಯುತ್ತದೆ. ಕರ್ನಾಟಕದ ಅಧಿನಿಯಮಗಳನ್ನು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿಯೂ ಓದಬಹುದು. ಸರ್ಕಾರಿ ತಾಣಗಳ ವಿಳಾಸವು ಸಾಮಾನ್ಯವಾಗಿ ‘ಜಿ.ಓ.ವಿ. ಡಾಟ್ ಐ.ಎನ್.’ ಅಥವಾ ‘ಎನ್.ಐ.ಸಿ. ಡಾಟ್ ಐ.ಎನ್.’ ಎಂದು ಕೊನೆಗೊಳ್ಳುತ್ತದೆ. ಅದನ್ನು ಮೊದಲು ನೋಡಿಕೊಳ್ಳಬೇಕು.

ಸರ್ವೋಚ್ಚ ನ್ಯಾಯಾಲಯದ ಅಧಿಕೃತ ತೀರ್ಪು ಸಂಪುಟಗಳು 2023ರ ಜನವರಿಯಿಂದ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತಿವೆ. ತೀರ್ಪಿನ ತಲೆಯಲ್ಲಿರುವ ಸಾರಾಂಶವು ಸಂಪಾದಕರದು, ನ್ಯಾಯಮೂರ್ತಿಗಳದಲ್ಲ. ವಕೀಲರ ವಾದವನ್ನೋ ಭಿನ್ನಮತದ ನ್ಯಾಯಮೂರ್ತಿಗಳ ಮಾತನ್ನೋ ತೀರ್ಪೆಂದು ಭ್ರಮಿಸದೆ, ಕೊನೆಯ ಆದೇಶದವರೆಗೂ ಓದಬೇಕು. ಕೆಲವು ತೀರ್ಪುಗಳ ಕನ್ನಡ ಅನುವಾದಗಳೂ ಇವೆ. ಅವು ತಿಳಿಯುವುದಕ್ಕೆ ಸಹಾಯಕ. ನ್ಯಾಯಾಲಯದಲ್ಲಿ ಪ್ರಮಾಣವಾಗುವುದು ಇಂಗ್ಲಿಷ್ ಪಾಠವೇ.

ಖಾಸಗಿ ತಾಣಗಳೆಲ್ಲವೂ ತ್ಯಾಜ್ಯವೆಂದಲ್ಲ. 2008ರಲ್ಲಿ ಆರಂಭವಾದ ‘ಇಂಡಿಯನ್ ಕಾನೂನ್’ ತಾಣದಲ್ಲಿ ಉಚಿತವಾಗಿ ತೀರ್ಪುಗಳನ್ನು ಹುಡುಕಬಹುದು. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿಯೂ ಅಲ್ಲಿದೆ. ನಮ್ಮ ಮೂರನೆಯ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರುವುದು ಆ ಪಟ್ಟಿಯೇ. 2015ರ ತೀರ್ಪನ್ನು ಹಿಡಿದವರು ಅದನ್ನು ನೋಡಿದ್ದರೆ 2020ರ ತೀರ್ಪು ಅವರ ಕಣ್ಣಿಗೆ ಬೀಳುತ್ತಿತ್ತು. ತಮ್ಮ ಸ್ವಂತ ದಾವೆ ಎಲ್ಲಿಗೆ ಬಂದಿದೆಯೆಂದು ತಿಳಿಯಬಯಸುವವರು, ಪ್ರತಿ ಪ್ರಕರಣಕ್ಕೂ ಕೊಟ್ಟಿರುವ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯಿಂದ ‘ಇ-ಕೋರ್ಟ್ಸ್’ ತಾಣದಲ್ಲಿ ನೋಡಬಹುದು.

ಕೇಳಿದೊಡನೆ ಕನ್ನಡದಲ್ಲಿಯೇ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಬಂದಿವೆ. ಇವು ಇಲ್ಲದ ತೀರ್ಪನ್ನೂ ಇಸವಿ, ಪುಟಸಂಖ್ಯೆಗಳ ಸಹಿತ ಸೃಷ್ಟಿಸಿಬಿಡುವುದುಂಟು. ಅಂತಹ ಕಲ್ಪಿತ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದುದಕ್ಕಾಗಿ 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತು. 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡುದನ್ನು ಕಂಡು ಕರ್ನಾಟಕ ಉಚ್ಚ ನ್ಯಾಯಾಲಯವು ಕ್ರಮಕ್ಕೆ ಆದೇಶಿಸಿತು. ಆದ್ದರಿಂದ ಯಂತ್ರವು ಹೇಳಿದ ತೀರ್ಪನ್ನು ಅಧಿಕೃತ ತಾಣದಲ್ಲಿ ಕಣ್ಣಾರೆ ಕಾಣುವವರೆಗೆ ಅದು ಇಲ್ಲವೆಂದೇ ಭಾವಿಸುವುದು ಕ್ಷೇಮ.

ಹಳೆಯ ಬರಹಗಳ ವಿಷಯದಲ್ಲಿಯೂ ಎಚ್ಚರ ಬೇಕು. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಜನರ ಬಾಯಲ್ಲಿ ಗಾದೆಯಂತಾಗಿದ್ದ 420ನೆಯ ಕಲಮಿನ ವಂಚನೆ ಈಗ 318ನೆಯ ಕಲಮಿನಲ್ಲಿದೆ. ಆದರೆ ಆ ದಿನಕ್ಕೆ ಹಿಂದಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ. ಇಸವಿಯನ್ನು ನೋಡದೆ ಓದಿದವರಿಗೆ ಇದು ತಿಳಿಯದು.

ಇಷ್ಟೆಲ್ಲ ಓದಿದ ಮೇಲೆಯೂ ವಕೀಲರ ಸಲಹೆ ಬೇಡವೆಂದಲ್ಲ. ನಮ್ಮ ಮನೆಯ ಕಾಗದಪತ್ರಗಳಿಗೆ ಯಾವ ತೀರ್ಪು ಹೊಂದುತ್ತದೆ ಎಂಬುದನ್ನು ಬಲ್ಲವರೇ ಹೇಳಬೇಕು. ಹಣದ ಚಿಂತೆಯಿರುವ ತಾಯಂದಿರು ಒಂದು ಮಾತನ್ನು ನೆನಪಿಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ವರಮಾನ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, 15100 ಸಂಖ್ಯೆಗೆ ದೂರವಾಣಿ ಮಾಡಬಹುದು.

ಒಡಹುಟ್ಟಿದವಳು ಎಲ್ಲವನ್ನೂ ಅರಿತು, ಪ್ರೀತಿಯಿಂದ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಆಕೆಗೆ ಹಕ್ಕೇ ಇಲ್ಲವೆಂದು ನಂಬಿಸಿ ಬರೆಸಿಕೊಂಡರೆ, ನಂಬಿಸಿದವರು ತಾವೂ ಹಾಗೆಯೇ ನಂಬಿದ್ದರೂ, ಅದು ಅನ್ಯಾಯವೇ. ಪತ್ರಕ್ಕೆ ರುಜು ಕೇಳುವವರೂ ಹಾಕುವವರೂ ಒಂದೇ ಮನೆಯವರು. ಇಬ್ಬರೂ ಒಟ್ಟಿಗೆ ಕುಳಿತು ಮೂಲವನ್ನು ಓದಿ, ಆಮೇಲೆ ಲೇಖನಿಯನ್ನು ಕೈಗೆತ್ತಿಕೊಳ್ಳಲಿ.