ದೋಷ ಹಿಡಿಯುವ ಯಂತ್ರ, ದಂಡ ತೆರುವ ಕೈ

ದೊಡ್ಡಬಳ್ಳಾಪುರದ ಮಗ್ಗದಲ್ಲಿ ಎಳೆಯೊಂದು ತಪ್ಪಿದರೆ ಸೀರೆಯ ಮೇಲೆ ಕಾಣುತ್ತದೆ. ಬಲ್ಲವರ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಲೋಹದೊಳಗೆ ಅಡಗಿದ ದೋಷ ಹಾಗಲ್ಲ. ಅದನ್ನು ಹಿಡಿಯಲು ಈಗ ಯಂತ್ರಕ್ಕೇ ಪಾಠ ಹೇಳಿಕೊಡಲಾಗುತ್ತಿದೆ. ಇದು ನಮಗೇಕೆ ಎನ್ನುವವರು ತಾಳ್ಮೆಯಿಂದ ಓದಬೇಕು.

2024ರ ಮೇ 9ರಂದು ಇಸ್ರೋ ಸಂಸ್ಥೆಯು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನನ್ನು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿ ಪರೀಕ್ಷಿಸಿತು. ಬೆಂಗಳೂರಿನ ವಿಪ್ರೋ ತ್ರೀಡಿ ಅದನ್ನು ತಯಾರಿಸಿದ್ದು ಲೋಹದ ಪುಡಿಯನ್ನು ತೆಳುವಾಗಿ ಹರಡಿ, ಲೇಸರ್ ಕಿರಣದಿಂದ ಕರಗಿಸಿ, ಪದರದ ಮೇಲೆ ಪದರ ಕೂಡಿಸಿ. 14 ಬಿಡಿಭಾಗಗಳ ಜಾಗದಲ್ಲಿ ಒಂದೇ ತುಂಡು. 19 ಬೆಸುಗೆಗಳು ಇಲ್ಲವಾದವು. 565 ಕಿಲೋ ಲೋಹ ಬೇಕಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು.

ಆದರೆ ಇಂಥ ಕೆಲಸದಲ್ಲಿ ಒಂದೆಡೆ ಪುಡಿ ಪೂರ್ತಿ ಕರಗದಿದ್ದರೂ, ಶಾಖ ಮಿತಿಮೀರಿದರೂ ಒಳಗೆ ಸಣ್ಣ ರಂಧ್ರ ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಪ್ರತಿ ಪದರದ ಚಿತ್ರವನ್ನು ಕ್ಯಾಮೆರಾದಿಂದ ಹಿಡಿದು, "ಇದು ಸರಿ, ಇದು ದೋಷ" ಎಂದು ಗಣಕಯಂತ್ರಕ್ಕೆ ಕಲಿಸುತ್ತಾರೆ. ಇದಕ್ಕೆ ಯಂತ್ರಕಲಿಕೆ ಎಂದು ಹೆಸರು. ಕಲಿಸುವವರು ಯಾರು? ತುಂಡನ್ನು ಕೊಯ್ದು, ಎಕ್ಸ್‌ರೇ ಹಿಡಿದು, ಗುರುತು ಹಾಕಿಕೊಡುವ ಮನುಷ್ಯರೇ. ಲೋಹವೋ ಯಂತ್ರವೋ ಬದಲಾದರೆ ಕಲಿತದ್ದು ಕೈಕೊಡುವುದೂ ಉಂಟು: ಇಲ್ಲದ ದೋಷ ಕಂಡೀತು, ಇದ್ದದ್ದು ತಪ್ಪೀತು.

ಇದೇ ವಿದ್ಯೆಯ ಕ್ಯಾಮೆರಾಗಳು ಬಟ್ಟೆಯ ಗಿರಣಿಗಳಿಗೂ ಬಂದಿವೆ. ನಮಗೆ ಯಂತ್ರದ ಮೇಲೆ ದ್ವೇಷವಿಲ್ಲ; ಮಾಲು ಹಾಳಾಗುವುದು ತಪ್ಪಿದರೆ ಎಲ್ಲರಿಗೂ ಲಾಭವೇ. ಆದರೆ ಯಂತ್ರ ದೋಷ ತೋರಿಸಿದ ಮಾತ್ರಕ್ಕೆ ದುಡಿದವರ ಕೂಲಿ ಮುರಿಯುವುದನ್ನು ಒಪ್ಪಲಾಗದು. ನೂಲು ಕಳಪೆಯೋ, ವಿದ್ಯುತ್ತು ಏರಿಳಿಯಿತೋ, ಯಂತ್ರವೇ ಹಳತೋ, ಕಾರಣವನ್ನು ಮನುಷ್ಯರೇ ವಿಚಾರಿಸಿ ತಿಳಿಯಬೇಕು. ನಷ್ಟಕ್ಕಾಗಿ ಕೂಲಿ ಮುರಿಯುವ ಮುನ್ನ ಕಾರ್ಮಿಕನ ಸಮಜಾಯಿಷಿ ಕೇಳಬೇಕೆಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕ್ಯಾಮೆರಾದ ಸಾಕ್ಷ್ಯ ಈ ಹಕ್ಕನ್ನು ನುಂಗಬಾರದು.

ಆದ್ದರಿಂದ ಯಂತ್ರದ ದಾಖಲೆ ಮಾಲೀಕನಿಗೆ ತೆರೆದಂತೆ ಕಾರ್ಮಿಕನಿಗೂ ತೆರೆದಿರಬೇಕು. ದೋಷವೆಂದು ಮಾಲು ವಾಪಸು ಕಳಿಸುವ ದೊಡ್ಡ ಖರೀದಿದಾರನೆದುರು ಸಣ್ಣ ವ್ಯಾಪಾರಿಗೂ ಅದೇ ದಾಖಲೆ ಆಸರೆಯಾಗಬೇಕು. ಐಟಿಐಗಳಲ್ಲಿ ನಮ್ಮ ಮಕ್ಕಳಿಗೆ ಈ ವಿದ್ಯೆ ಸಿಗಬೇಕು. ಯಂತ್ರಕ್ಕೆ ಕಣ್ಣು ಕೊಟ್ಟದ್ದು ದುಡಿಯುವವರ ಅನುಭವ. ಆ ಕಣ್ಣು ಅವರನ್ನೇ ಕಾಯುವ ಕಾವಲಾಗುವುದೋ, ಅವರ ಕೈಗೆ ಬಲವಾಗುವುದೋ ಎಂಬುದು ನಮ್ಮ ಸಂಘಟನೆಯ ಮೇಲೆ ನಿಂತಿದೆ.