ಕಾದಂಬರಿಯಲ್ಲಿ ವಿಜ್ಞಾನ

ಕಾದಂಬರಿಯೆಂದರೆ ಸಂಸಾರದ ಕಥೆ, ವಿಜ್ಞಾನವೆಂದರೆ ಪಠ್ಯಪುಸ್ತಕ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಸರಿಯಲ್ಲವೆಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಬರವಣಿಗೆಯೇ ಸಾಕ್ಷಿ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ನವ್ಯಮಾರ್ಗವನ್ನು ತೊರೆದ ಅವರು, 1980ರಲ್ಲಿ ‘ಕರ್ವಾಲೊ’ ಕಾದಂಬರಿಯನ್ನು ನೀಡಿದರು. ಹಾರುವ ಓತಿಯೊಂದರ ಶೋಧವೇ ಅದರ ವಸ್ತು.

ಈ ಓತಿಗೆ ಹಕ್ಕಿಯ ರೆಕ್ಕೆಗಳಿಲ್ಲ. ನೀಳವಾದ ಪಕ್ಕೆಲುಬುಗಳು ಇಕ್ಕೆಲದ ಚರ್ಮವನ್ನು ಕೊಡೆಯಂತೆ ಬಿಡಿಸುತ್ತವೆ. ಎತ್ತರವನ್ನು ಕಳೆದುಕೊಳ್ಳುತ್ತ ಅದು ದೂರವನ್ನು ಗಳಿಸುತ್ತದೆ. ಇಷ್ಟನ್ನು ಪಠ್ಯಪುಸ್ತಕವೂ ಹೇಳೀತು. ಆದರೆ ಕಾಡು ಅಲೆದು ಹುಡುಕಿದವರ ಕೈಗೆ ಸಿಗದೆ ಅದು ಕಣಿವೆಯೊಳಕ್ಕೆ ತೇಲಿಹೋದಾಗ ಉಂಟಾಗುವ ವಿಸ್ಮಯವನ್ನು ಕಾದಂಬರಿಯೇ ಹೇಳಬೇಕು. ಕೈಗೂಡದ ಶೋಧವೂ ವಿಜ್ಞಾನವೇ. ಪರೀಕ್ಷೆಗೆಂದಷ್ಟೇ ಓದುವವನಿಗೆ ಈ ಮಾತು ತಿಳಿಯುವುದೇ ಇಲ್ಲ.

ತೇಜಸ್ವಿಯವರು ಕಥೆಯ ಹಿನ್ನೆಲೆಯನ್ನು ಮೂಡಿಗೆರೆಯ ತಮ್ಮ ನೆರೆಹೊರೆಯಿಂದಲೇ ಆರಿಸಿಕೊಂಡರು. ಆಳಂದ, ಅಫಜಲಪುರ, ಜೇವರ್ಗಿಗಳ ವಿದ್ಯಾರ್ಥಿಗಳಿಗೆ ಮಲೆನಾಡಿನ ಕಾಡೇ ಬೇಕೆಂದಿಲ್ಲ. ತೊಗರಿಗೆ ಬೀಳುವ ಕಾಯಿಕೊರಕ ಹುಳು, ಮಳೆ ತಪ್ಪಿದಾಗ ಬಿರಿಯುವ ಎರೆಭೂಮಿ, ಭೀಮೆಯ ನೆರೆ: ಇವುಗಳ ಕಾರಣವನ್ನು ಹುಡುಕಹೊರಟ ರೈತನ ಮಗಳೊಬ್ಬಳು ಕಾದಂಬರಿಯ ನಾಯಕಿಯಾಗಬಾರದೇಕೆ? ಅದನ್ನು ಬರೆಯಬೇಕಾದವರು ವಿಜ್ಞಾನ ಕಲಿಯುತ್ತಿರುವ ನೀವೇ.